ಗಾಜಿನೊಳಗಿನ ಕೌದಿ

ಯಲಬುರ್ಗಾದ ಬಸ್ ನಿಲ್ದಾಣದ ಹಿಂದೆ ನನ್ನ ಟೇಲರ್ ಅಂಗಡಿ. ಕತ್ತರಿಸಿ ಉಳಿದ ಬಟ್ಟೆ ಚೂರುಗಳನ್ನು ಹುಲಗೆಮ್ಮ ವಾರಕ್ಕೊಮ್ಮೆ ಬಂದು ಒಯ್ಯುತ್ತಾಳೆ. ನಾನು ಇಪ್ಪತ್ತು ವರ್ಷದಿಂದ ಮಷಿನ್ ತುಳಿಯುತ್ತಿದ್ದೇನೆ. ಅವಳ ಕೈಹೊಲಿಗೆಯ ಮುಂದೆ ನನ್ನದು ಏನೇನೂ ಅಲ್ಲ. ಹಾಗೆಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅವಳಿಗೇ ಹೊಲಿಗೆ ಕಲಿಸುತ್ತೇವೆಂದು ಬಂದವರಿಗೂ ನಾಚಿಕೆ ಇರಲಿಲ್ಲ, ಆದರೆ ಅದು ಬೇರೆ ಜಾತಿಯದು.

ಹುಲಗೆಮ್ಮ ಕೌದಿ ಹೊಲಿಯುವವಳು. ಕರೆದವರ ಮನೆಗೆ ಹೋಗಿ, ಅವರ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಪಡಸಾಲೆಯಲ್ಲೇ ಕುಳಿತು ಎಂಟು ಹತ್ತು ದಿನ ಹೊಲಿಯುತ್ತಾಳೆ. ಕೊನೆಯ ದಿನ ಆ ಮನೆಯವರು ಹೋಳಿಗೆ ಮಾಡಬೇಕು. ಒಂದು ಚೂರನ್ನು ಕೊನೆಯ ಮೂಲೆಯೊಳಗೆ ಇಟ್ಟು, ಬಾಯಿ ಹೊಲಿದು, ಆಮೇಲೆ ತಾನು ಊಟಕ್ಕೆ ಕೂರುತ್ತಾಳೆ. "ಅದಕ್ಕೂ ಹೊಟ್ಟಿ ಐತಿ ಇಲಿಯಾಸಣ್ಣ. ಬರೇ ಹೊಟ್ಟೀಲೆ ಕಳಸಬಾರದು," ಎಂದು ನನಗೊಮ್ಮೆ ಹೇಳಿದ್ದಳು.

ಹೋದ ವರ್ಷ ಒಂದು ವಿಶ್ವವಿದ್ಯಾಲಯ ನಮ್ಮನ್ನು ಉದ್ಧಾರ ಮಾಡಲು ಬಂತು. ಪರ ಜಿಲ್ಲೆಯದು; ಹೆಸರು ಹೇಳಿ ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ. ಗಂಗಾವತಿಯಲ್ಲಿ ಬಾಡಿಗೆ ಕಟ್ಟಡ ಹಿಡಿದು 'ಸ್ಥಳೀಯ ಉದ್ಯಮ ಉತ್ತೇಜನ ಕೇಂದ್ರ' ಎಂದು ಬೋರ್ಡು ಹಾಕಿತು. ಅದರ ಮುಖ್ಯಸ್ಥ ಡಾಕ್ಟರ್ ಬಸವಕುಮಾರ. ಕುಷ್ಟಗಿಯ ಕಂಬಳಿ, ಆನೆಗೊಂದಿಯ ಬಾಳೆನಾರು, ಯಲಬುರ್ಗಾದ ಕೌದಿ, ಎಲ್ಲದರ ಭವಿಷ್ಯವೂ ಈ ಮನುಷ್ಯನ ಲ್ಯಾಪ್‌ಟಾಪಿನಲ್ಲಿತ್ತು. ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತೇ ಹುಲಗೆಮ್ಮನ ಫಾರಂ ತುಂಬಿಸಿದ.

"ನಿಮ್ಮ ಪ್ರತಿಸ್ಪರ್ಧಿ ಯಾರು ಅಮ್ಮ?"

"ಹಂಗಂದ್ರೇನ್ರಿ?"

"ನಿಮ್ಮ ವ್ಯಾಪಾರ ಯಾರಿಂದ ಕಡಿಮೆ ಆಗ್ತಿದೆ?"

"ಬ್ಯಾಸಗಿಯಿಂದ್ರಿ."

ಪುಣ್ಯಾತ್ಮ ಅದನ್ನೂ ಬರೆದುಕೊಂಡ.

ಆಮೇಲೆ ಮೂವರೂ ಅವಳ ಮನೆಗೆ ಹೋದೆವು. ಅಲ್ಲಿ ಟ್ರಂಕಿನಲ್ಲಿ ಅವಳ ತಾಯಿ ದುರುಗವ್ವ ಹೊಲಿದ ಕೌದಿಯಿತ್ತು. ಹುಲಗೆಮ್ಮ ಹುಟ್ಟಿದಾಗ ಮಲಗಿದ್ದು ಅದರ ಮೇಲೆ. ಅವಳ ಮಗಳು ಭವಾನಿ ಮಲಗಿದ್ದೂ ಅದರ ಮೇಲೆ. ಈಗ ಭವಾನಿ ಎರಡು ತಿಂಗಳ ಬಸುರಿ; ಬರುವ ಕೂಸಿಗೆಂದು ಹುಲಗೆಮ್ಮ ಅದನ್ನು ಒಗೆದು, ಬಿಸಿಲಿಗೆ ಹಾಕಿ, ಮಡಚಿಟ್ಟಿದ್ದಳು. ಬಸವಕುಮಾರನಿಗೆ ಅದೇ ಬೇಕಾಯಿತು. "ಸ್ಯಾಂಪಲ್ಲಿಗೆ ಅಷ್ಟೇ ಅಮ್ಮ. ಫೋಟೋ ತೆಗೆದು ಮೂರು ದಿನದಲ್ಲಿ ವಾಪಸ್," ಎಂದ. ಕಲಿತ ಮನುಷ್ಯ ಸುಳ್ಳು ಹೇಳುತ್ತಾನೆಯೇ ಎಂದು ಅವಳು ಕೊಟ್ಟಳು. ಕೊಡು ಎಂದವನು ನಾನೂ ಒಬ್ಬ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮುಂದೆ ಗಂಗಾವತಿಯಲ್ಲಿ ತರಬೇತಿ. ಸೂಜಿಗೆ ದಾರ ಪೋಣಿಸಲು ಬಾರದ ಒಬ್ಬ ಹುಡುಗಿ ಮೂರು ದಿನ ಗೋಡೆಯ ಮೇಲೆ ಬೆಳಕು ಬಿಟ್ಟು ಕೌದಿಯ ಬಗ್ಗೆ ಪಾಠ ಹೇಳಿದಳು. ಕೊನೆಗೆ ಸರ್ಟಿಫಿಕೇಟು, ಗುಂಪು ಫೋಟೋ. ಆಮೇಲೆ ಆರ್ಡರು: ಹೊಸ ಬಟ್ಟೆಯಲ್ಲಿ, ಒಂದೇ ಅಳತೆಯ, ಒಂದೇ ಬಣ್ಣದ ಇಪ್ಪತ್ತು ಕೌದಿ. ಹುಲಗೆಮ್ಮ ಮೂವರು ಹೆಂಗಸರನ್ನು ಕೂಡಿಸಿಕೊಂಡು ಹೊಲಿದಳು. ಇಪ್ಪತ್ತಕ್ಕೂ ತನ್ನ ಮನೆಯ ಹೋಳಿಗೆಯನ್ನೇ ಉಣಿಸಿ ಕಳಿಸಿದಳು.

ಉದ್ಘಾಟನೆಗೆ ದೊಡ್ಡವರ ದಿನಾಂಕ ಸಿಗಲಿಲ್ಲ. ಕೌದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐದು ತಿಂಗಳು ಉಗ್ರಾಣದಲ್ಲಿ ಎಸೆದರು. ಅಷ್ಟು ದಿನ ಆ ಕೇಂದ್ರದಲ್ಲಿ ನಿಯತ್ತಾಗಿ ದುಡಿದದ್ದು ಇಲಿಗಳು ಮಾತ್ರ. ಸಮಾರಂಭದ ದಿನ ಅತಿಥಿಗಳು ಬಿಡಿಸಿ ನೋಡಿದರೆ ಇಪ್ಪತ್ತಕ್ಕೂ ಒಂದೇ ಮೂಲೆಯಲ್ಲಿ ತೂತು. 'ಫಲಾನುಭವಿಗಳಿಗೆ ಗುಣಮಟ್ಟದ ಅರಿವಿಲ್ಲ' ಎಂದು ಬಸವಕುಮಾರ ವರದಿ ಬರೆದು, ಇಪ್ಪತ್ತನ್ನೂ ಅವಳಿಗೇ ವಾಪಸ್ ಕಳಿಸಿದ.

ಹುಲಗೆಮ್ಮ ನನ್ನ ಕಟ್ಟೆಯ ಮೇಲೆ ಬಂದು ಕುಳಿತು, "ತಪ್ಪು ನಂದ ಐತಿ ಅಣ್ಣ," ಎಂದಳು. "ಮನ್ಯಾಗ ಅದ ದಿನ ಹಾಸಿ ಮಕ್ಕೋತಾರ, ಹೋಳಿಗಿ ಪುಡಿ ಆಗಿ ಹೋಗತೈತಿ. ಯಾರೂ ಹೊದಿಲಾರದ ಕೌದೀನೂ ಇರತೈತಿ ಅಂತ ನನಗೇನ ಗೊತ್ತು?"

ಅವಳಿಗೆ ಆ ಇಪ್ಪತ್ತರ ಚಿಂತೆಯಿರಲಿಲ್ಲ. ಭವಾನಿಗೆ ಒಂಬತ್ತು ತಿಂಗಳು ತುಂಬಿತ್ತು, ತಾಯಿಯ ಕೌದಿ ಇನ್ನೂ ಬಂದಿರಲಿಲ್ಲ. ಅಂಗಡಿಗೆ ಬೀಗ ಹಾಕಿ ನಾನೇ ಅವಳನ್ನು ಗಂಗಾವತಿಗೆ ಕರೆದುಕೊಂಡು ಹೋದೆ.

ಕೌದಿ ಬಸವಕುಮಾರನ ಕುರ್ಚಿಯ ಹಿಂದೆ, ಗೋಡೆಯ ಮೇಲೆ, ಗಾಜು ಹಾಕಿದ ಕಟ್ಟಿನೊಳಗಿತ್ತು. ಕೆಳಗೆ ಒಂದು ಚೀಟಿ. ಹುಲಗೆಮ್ಮನಿಗೆ ಸಹಿ ಮಾಡಲು ಬರುತ್ತದೆ, ಓದಲು ಬರುವುದಿಲ್ಲ.

"ಏನ್ ಬರದಾರ ಅಣ್ಣ?"

"ಗ್ರಾಮೀಣ ಕೌದಿ. ಸುಮಾರು ಐವತ್ತು ವರ್ಷ ಹಳೆಯದು. ಹೊಲಿದವರು: ತಿಳಿದಿಲ್ಲ," ಎಂದು ಓದಿದೆ.

ಅವಳು ಬಸವಕುಮಾರನ ಕಡೆ ತಿರುಗಿದಳು. "ತಿಳೀದಿದ್ರ ಕೇಳಬೇಕಿತ್ರಿ ಸರ. ನಾ ಮೂರು ದಿನ ಇಲ್ಲೇ ಪಾಠಕ್ಕ ಕುಂತಿದ್ನಲ್ರಿ."

ಅವನು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ವಸ್ತು ದಾಸ್ತಾನು ಪುಸ್ತಕ ಸೇರಿದೆ, ಅರ್ಜಿ ಕೊಡಿ, ಸಮಿತಿ ಸೇರಿದಾಗ ನೋಡೋಣ ಎಂದು ಎದ್ದುಹೋದ.

ಭವಾನಿ ಹೆಣ್ಣು ಹೆತ್ತಳು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುವುದೆಂದಾಯಿತು. ಅಷ್ಟರಲ್ಲಿ ಬಸವಕುಮಾರನ ಫೋನು ಬಂತು. ಯೋಜನೆ ಇನ್ನೊಂದು ವರ್ಷ ಮುಂದುವರಿಯಬೇಕಾದರೆ ಏಳಿಗೆಯಾದ ಒಬ್ಬ ಹೆಂಗಸಿನ ಕಥೆ, ಫೋಟೋ, ಸಹಿ ಬೇಕಂತೆ. ನಾಲ್ಕು ತಾಲೂಕು ಹುಡುಕಿದರೂ ಅಂಥ ಹೆಂಗಸು ಸಿಕ್ಕಿರಲಿಕ್ಕಿಲ್ಲ.

"ಕೌದಿ ತೊಗೊಂಡು ಬರ್ರಿ. ಸಹಿ ಮಾಡತೀನಿ," ಎಂದಳು ಹುಲಗೆಮ್ಮ.

ಅರ್ಜಿಯೂ ಬೇಕಾಗಲಿಲ್ಲ, ಸಮಿತಿಯೂ ಸೇರಲಿಲ್ಲ. ತೊಟ್ಟಿಲಿನ ದಿನ ಕೌದಿ ಕಾರಿನಲ್ಲಿ ಬಂತು, ಗಾಜಿನ ಸಮೇತ. ನಾನು ಸ್ಕ್ರೂ ಬಿಚ್ಚಿ ಗಾಜು ತೆಗೆದೆ. ಹುಲಗೆಮ್ಮ ಎರಡೂ ಕೈ ಹಾಕಿ ಎತ್ತಿದಳು. ಕೌದಿ ಏಳಲಿಲ್ಲ. ಸುಕ್ಕಿಲ್ಲದೆ ಚೆನ್ನಾಗಿ ಕಾಣಲೆಂದು ಮಹಾನುಭಾವರು ಗಮ್ ಸುರಿದು ಪೂರ್ತಿ ಪ್ಲೈವುಡ್ ಹಲಗೆಗೆ ಅಂಟಿಸಿಬಿಟ್ಟಿದ್ದರು. ಒಂದು ಅಂಚನ್ನು ಎಳೆದೆ. ದುರುಗವ್ವನ ಹಸಿರು ಸೀರೆ ಪರ್ರೆಂದು ಹರಿಯಿತು. "ಬಿಡು ಅಣ್ಣ," ಎಂದು ಹುಲಗೆಮ್ಮ ನನ್ನ ಕೈ ಹಿಡಿದಳು.

ಅವಳು ಆ ಹಲಗೆಯ ಮೇಲೆ ಒಮ್ಮೆ ಕೈಯಾಡಿಸಿದಳು. ಕೊನೆಯ ಮೂಲೆಯ ಮೇಲೆ ಬೆರಳು ನಿಂತಿತು. ನಂತರ ಇಲಿ ಕಡಿದ ಇಪ್ಪತ್ತರಲ್ಲಿ ಒಂದನ್ನು, ಅವಳೇ ತೇಪೆ ಹಾಕಿ ಇಟ್ಟಿದ್ದನ್ನು, ತೊಟ್ಟಿಲಿಗೆ ಹಾಸಿ ಕೂಸನ್ನು ಮಲಗಿಸಿದಳು. ಭವಾನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬಸವಕುಮಾರ ಅತ್ತ ನೋಡದೆ ಪೆನ್ನು ತೆಗೆದ. ಮಾತಿಗೆ ತಪ್ಪಿಲ್ಲ ಎಂಬ ಧಿಮಾಕು ಅವನ ಮುಖದಲ್ಲಿ ಇನ್ನೂ ಇತ್ತು.

"ಏಳಿಗೆ ಹೊಂದಿದವರ ಪೂರ್ತಿ ಹೆಸರು ಹೇಳಿ ಅಮ್ಮ."

"ತಿಳಿದಿಲ್ಲ ಅಂತ ಬರಕೋರಿ," ಎಂದಳು ಹುಲಗೆಮ್ಮ, ತೊಟ್ಟಿಲು ತೂಗುತ್ತಾ.