ಎದುರುಬದುರಿನ ನಾಲ್ಕು ಸೀಟು

ನಮ್ಮ ಚಿಕ್ಕಪ್ಪ ಬಸ್ ಓಡಿಸುತ್ತಾರೆ. ಊರೊಳಗೇ ಸುತ್ತುವ ಬಸ್ಸು. ಆಸ್ಪತ್ರೆ, ಕೋರ್ಟು, ಮಾರುಕಟ್ಟೆ, ರೈಲ್ವೆ ಸ್ಟೇಷನ್ನು, ಮತ್ತೆ ಆಸ್ಪತ್ರೆ. ಮದುವೆಯಾದ ವರ್ಷ ಹಿಡಿದ ಸ್ಟೀರಿಂಗು, ಮಗಳು ಕಾಲೇಜು ಸೇರಿದರೂ ಕೈಬಿಟ್ಟಿಲ್ಲ. ಯಾರನ್ನೂ ಅವರು ಇಳಿಯುವ ಸ್ಟಾಪ್ ದಾಟಿಸಿ ಕರೆದುಕೊಂಡು ಹೋದವರಲ್ಲ. ಯಾರಾದರೂ ನಿದ್ದೆ ಹೋಗಿದ್ದರೆ ಕನ್ನಡಿಯಲ್ಲಿ ನೋಡಿ, ಬಸ್ ನಿಲ್ಲಿಸಿ, ಕತ್ತು ತಿರುಗಿಸಿ ಕೂಗುತ್ತಾರೆ: "ಹಸಿರು ಶಾಲಿನೋರೇ, ಕೋರ್ಟ್ ಬಂತು! ನೀವು ಏಳ್ದೇ ಇದ್ರೆ ನಿಮ್ಮ ಕೇಸಿಗೆ ಯಾರು ಹೋಗ್ಬೇಕು?" ಬಸ್ಸೆಲ್ಲ ನಗುತ್ತದೆ. ಹಸಿರು ಶಾಲಿನವರು ಪೂರ್ತಿ ಕೆಳಗಿಳಿದು ಎರಡು ಹೆಜ್ಜೆ ನಡೆಯುವವರೆಗೂ ಬಸ್ಸು ಕದಲುವುದಿಲ್ಲ. ಡಿಪೋದಲ್ಲಿ ಅವರಿಗೆ ನಿಧಾನಪ್ಪ ಎಂದು ಹೆಸರು.

ಮನೆಗೆ ಬರುವ ಹೊತ್ತಿಗೆ ಆ ದನಿ ಖಾಲಿಯಾಗಿರುತ್ತದೆ. ಶೂ ಬಿಚ್ಚಿ, ಮುಖ ತೊಳೆದು, ತಟ್ಟೆಯ ಮುಂದೆ ಕೂತರೆ 'ಹೂಂ', 'ಉಹೂಂ', ಇವೆರಡರಲ್ಲೇ ಸಂಸಾರ. ಚಿಕ್ಕಮ್ಮ ಮೊದಮೊದಲು ಕೇಳುತ್ತಿದ್ದರಂತೆ, ಇವತ್ತು ಬಸ್ಸಲ್ಲಿ ಏನಾಯ್ತು ಎಂದು. ಆಮೇಲೆ ಕೇಳುವುದನ್ನು ಬಿಟ್ಟರು. ಯಾವಾಗ ಬಿಟ್ಟರು ಎಂದರೆ ಚಿಕ್ಕಪ್ಪನಿಗೆ ಹೇಳಲು ಬರುವುದಿಲ್ಲ. ದೀಪ ಆರಿದರೆ ತಿಳಿಯುತ್ತದೆ, ಬೆಳಕು ಸ್ವಲ್ಪ ಸ್ವಲ್ಪವೇ ಕಡಿಮೆಯಾದರೆ ಕಣ್ಣು ಹೊಂದಿಕೊಂಡುಬಿಡುತ್ತದೆ.

ರಜೆಯಲ್ಲಿ ಎಲ್ಲರೂ ಎಲ್ಲಿಗಾದರೂ ಹೊರಟರೆ ಹಳೇ ಕಾರನ್ನು ಓಡಿಸುವವರೂ ಚಿಕ್ಕಪ್ಪನೇ. ಅಜ್ಜಿಗೆ ಹಿಂದೆ ಕೂತರೆ ಹೊಟ್ಟೆ ತೊಳೆಸುತ್ತದೆ, ಆದ್ದರಿಂದ ಮುಂದಿನ ಸೀಟು ಅಜ್ಜಿಯದು. ಚಿಕ್ಕಮ್ಮ ಮತ್ತು ಮಗಳು ಪುಟ್ಟಿ ಹಿಂದೆ. ಎಷ್ಟು ಸಮುದ್ರ, ಎಷ್ಟು ಬೆಟ್ಟ ನೋಡಿ ಬಂದರೂ ಚಿಕ್ಕಪ್ಪ ದಾರಿಯುದ್ದಕ್ಕೂ ಹೆಂಡತಿಯನ್ನು ನೋಡಿದ್ದು ಅಂಗೈಯಗಲದ ಕನ್ನಡಿಯಲ್ಲಿ. ಅದರಲ್ಲಿ ಕಾಣುತ್ತಿದ್ದುದು ಹಣೆ, ಹುಬ್ಬು, ಕಿಟಕಿಯ ಕಡೆ ತಿರುಗಿದ ಕಣ್ಣು.

ಹೋದ ವರ್ಷ ಒಂದು ಮಧ್ಯಾಹ್ನ ಅವರ ಬಸ್ಸು ರೈಲ್ವೆ ಗೇಟಿನಲ್ಲಿ ನಿಂತಿತ್ತು. ಬಂದ ರೈಲು ಸಿಗ್ನಲ್ ಸಿಗದೆ ಗೇಟಿನ ಎದುರೇ ನಿಂತುಕೊಂಡಿತು. ಕಿಟಕಿಯೊಳಗೆ ಒಂದು ಸಣ್ಣ ಮೇಜು, ಅದರ ಆಚೆ ಈಚೆ ಎದುರುಬದುರು ಕೂತ ಒಂದು ಸಂಸಾರ. ಹೆಂಗಸು ಕಿತ್ತಳೆ ಸುಲಿಯುತ್ತಿದ್ದಳು. ಗಂಡ ಅವಳ ಬೆರಳುಗಳನ್ನೇ ನೋಡುತ್ತ ಏನೋ ಹೇಳಿದ. ಅವಳು ನಕ್ಕು ಒಂದು ತೊಳೆಯನ್ನು ಅವನ ಕಡೆ ಎಸೆದಳು. ರೈಲು ಹೊರಟು ಗೇಟು ತೆರೆದದ್ದು ಚಿಕ್ಕಪ್ಪನಿಗೆ ಗೊತ್ತಾಗಲಿಲ್ಲ. ಹಿಂದಿನ ವಾಹನಗಳೆಲ್ಲ ಹಾರ್ನ್ ಹೊಡೆದ ಮೇಲೆ ಗೇರ್ ಹಾಕಿದರಂತೆ.

ಆ ವಾರವೇ ಮನೆಯಲ್ಲಿ ಹೇಳಿದರು: "ಕೂಡಿಬಿದ್ದಿರೋ ರಜೆ ತಗೊಳ್ಳದಿದ್ರೆ ಹೋಗ್ಬಿಡುತ್ತಂತೆ. ಯೂರೋಪಿಗೆ ಹೋಗೋಣ. ಊರಿಂದ ಊರಿಗೆ ರೈಲಲ್ಲೇ."

"ಯಾರ್ ಓಡಿಸ್ತಾರೆ?" ಎಂದರು ಅಜ್ಜಿ.

"ನಾನಂತೂ ಅಲ್ಲಮ್ಮ."

"ಹಾಗಾದ್ರೆ ಬೇಗ ಹೋಗಿ ಮುಟ್ತೀವಿ ಬಿಡು."

ಚಿಕ್ಕಮ್ಮನ ಅಕ್ಕ ವಿಯೆನ್ನಾದಲ್ಲಿದ್ದಾರೆ. ಗಂಡ ತೀರಿಕೊಂಡ ಮೇಲೆ ಬಟ್ಟೆ ರಿಪೇರಿಯ ಸಣ್ಣ ಅಂಗಡಿಯೊಂದನ್ನು ಒಬ್ಬರೇ ನಡೆಸುತ್ತಾರೆ. ಚಿಕ್ಕಮ್ಮನದೂ ಅದೇ ಕೆಲಸ, ಇಲ್ಲಿ ಬೇರೆಯವರ ಅಂಗಡಿಯಲ್ಲಿ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ತೆಳ್ಳಗಾದವರ ಕೋಟನ್ನು ಬಿಗಿ ಮಾಡುವುದು. ಆದ್ದರಿಂದ ಪ್ಯಾರಿಸ್, ಅಲ್ಲಿಂದ ಜ್ಯೂರಿಕ್, ವಿಯೆನ್ನಾ, ಕೊನೆಗೆ ವೆನಿಸ್ ಎಂದು ದಾರಿ ನಿಶ್ಚಯವಾಯಿತು. ಹೋಗುವವರು ಅವರು ನಾಲ್ವರು, ಕಂಪ್ಯೂಟರ್ ನೋಡುವ ಕೆಲಸ ನನ್ನದು. ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಪಾತ್ರೆಗಳನ್ನು ಸರಿಸಿ ಲ್ಯಾಪ್‌ಟಾಪ್ ಇಡುತ್ತಿದ್ದೆ.

ಬೇರೆಯವರಾದರೆ ಹೋಟೆಲು, ನೋಡುವ ಜಾಗ ಎಂದು ಶುರುಮಾಡುತ್ತಾರೆ. ಚಿಕ್ಕಪ್ಪನಿಗೆ ಮೊದಲು ಸೀಟು. "ಆ ಮೇಜಿರೋ ಸೀಟು ತೋರಿಸು. ಎದುರುಬದುರು ಇರ್ತಾವಲ್ಲ, ನಾಲ್ಕು." ಪರದೆಯ ಮೇಲೆ ರೈಲು ಡಬ್ಬಿಯ ನಕ್ಷೆ ಬಂದ ಕೂಡಲೇ ಕನ್ನಡಕ ಏರಿಸಿ, ಬೆರಳಿಟ್ಟು, ಯಾರನ್ನು ಎಲ್ಲಿ ಕೂರಿಸುವುದೆಂದು ನೋಡುತ್ತಿದ್ದರು. ಅಜ್ಜಿಗೆ ರೈಲು ಹೋಗುವ ದಿಕ್ಕಿನ ಕಿಟಕಿ. ಅಜ್ಜಿಯ ಪಕ್ಕ ಚಿಕ್ಕಮ್ಮ. ಚಿಕ್ಕಮ್ಮನ ಎದುರು ತಾವು. ತಮ್ಮ ಪಕ್ಕ ಪುಟ್ಟಿ.

"ನೀನು ಹಿಂದುಹಿಂದಕ್ಕೆ ಹೋಗ್ತೀಯ ಚಿಕ್ಕಪ್ಪ. ರೈಲು ಆ ಕಡೆ, ನಿನ್ನ ಮುಖ ಈ ಕಡೆ."

"ಹೋಗ್ಲಿ. ಇಷ್ಟು ವರ್ಷ ಮುಂದೆ ನೋಡಿದ್ದು ಸಾಕು."

ಡಿಪೋದ ಗೆಳೆಯರೊಬ್ಬರು ಬಂದಿದ್ದಾಗ ಇದನ್ನು ಕೇಳಿ, "ಏನಪ್ಪ, ಹೆಂಡ್ತಿ ಮುಖ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಒಂದು ಸ್ಟೂಲ್ ಹಾಕ್ಕೋ" ಎಂದು ನಕ್ಕರು. ಚಿಕ್ಕಪ್ಪನ ಕಿವಿ ಕೆಂಪಾಯಿತು. ಚಿಕ್ಕಮ್ಮ ಮೂಲೆಯಲ್ಲಿ ಯಾರದೋ ಕೋಟಿನ ಹೊಲಿಗೆ ಬಿಚ್ಚುತ್ತಿದ್ದರು. ಅವರ ಕೈ ಒಂದು ಗಳಿಗೆ ನಿಂತು, ಮತ್ತೆ ಬಿಚ್ಚತೊಡಗಿತು.

ಅದಾದ ಮುಂದಿನ ಭಾನುವಾರವೇ ಚಿಕ್ಕಮ್ಮ ಅಂದರು: "ರೀ, ನಾನು ಅಕ್ಕನ ಹತ್ರ ಇಳ್ಕೊಂಡುಬಿಡ್ತೀನಿ."

ನಂಟರ ಮನೆಯಲ್ಲಿ ನಾಲ್ಕು ದಿನ ತಂಗುವುದಕ್ಕೂ ನಾವು ಇಳಿದುಕೊಳ್ಳುವುದು ಎನ್ನುತ್ತೇವೆ, ಬಸ್ಸಿನಿಂದ ಕೆಳಗಿಳಿಯುವುದಕ್ಕೂ ಅದೇ ಮಾತು. ಚಿಕ್ಕಪ್ಪನಿಗೆ ಕೇಳಿಸಿದ್ದು ಮೊದಲನೆಯದು. "ಇಳ್ಕೊಳ್ಳೋಣ, ಅದಕ್ಕೇನಂತೆ! ಸ್ವಂತ ಅಕ್ಕನ ಮನೆ ಇರುವಾಗ ಹೋಟೆಲ್ ಯಾಕೆ?" ಎಂದು ಖುಷಿಯಿಂದ ನನ್ನ ಕಡೆ ತಿರುಗಿ, ವಿಯೆನ್ನಾದಲ್ಲಿ ಇನ್ನೂ ಎರಡು ದಿನ ಸೇರಿಸಲು ಹೇಳಿದರು. ಚಿಕ್ಕಮ್ಮ ಬಾಯಿ ತೆರೆದರು. ಆಮೇಲೆ ದಾರವನ್ನು ಹಲ್ಲಿನಿಂದ ಕಡಿದರು. ಪುಟ್ಟಿ ಎದ್ದು ಹೊರಗೆ ಹೋದಳು.

ಅಲ್ಲಿಂದ ಕೆಲವು ವಾರ ಚಿಕ್ಕಪ್ಪನಷ್ಟು ಸುಖವಾಗಿದ್ದವರನ್ನು ನಾನು ನೋಡಿಲ್ಲ. ಬಸ್ಸಿನ ದನಿಯನ್ನು ಸ್ವಲ್ಪ ಉಳಿಸಿಕೊಂಡು ಮನೆಗೆ ತರುತ್ತಿದ್ದರು. ಜ್ಯೂರಿಕ್‌ನಿಂದ ವಿಯೆನ್ನಾಕ್ಕೆ ಬೆಟ್ಟಗಳ ನಡುವೆ ಹೆಚ್ಚುಕಡಿಮೆ ಒಂದು ಹಗಲಿನ ದಾರಿ ಎಂದು ತಿಳಿದಾಗ ಮೇಜು ತಟ್ಟಿ, "ಇದಕ್ಕಿಂತ ನಿಧಾನದ್ದು ಇದೆಯಾ ನೋಡು" ಅಂದರು. ಅಜ್ಜಿ, "ಕಕ್ಕಸು ರೈಲೊಳಗೇ ಇರುತ್ತೆ ತಾನೆ? ಮೊದಲು ಅದನ್ನ ನೋಡೇ ತಾಯಿ, ಬೆಟ್ಟ ಎಲ್ಲಿಗೂ ಹೋಗಲ್ಲ" ಎಂದರು.

ಕೊನೆಗೆ ಟಿಕೆಟ್ ಮಾಡುವ ದಿನ ಬಂತು. ಎಲ್ಲರೂ ಮೇಜಿನ ಸುತ್ತ ಇದ್ದರು. ಪ್ಯಾರಿಸ್‌ನಿಂದ ಜ್ಯೂರಿಕ್, ನಾಲ್ಕು. ಜ್ಯೂರಿಕ್‌ನಿಂದ ವಿಯೆನ್ನಾ, ನಾಲ್ಕು. ನಾನು ಮುಂದಿನ ಪುಟಕ್ಕೆ ಹೋಗಿ ಕೇಳಿದೆ: "ವಿಯೆನ್ನಾದಿಂದ ವೆನಿಸ್‌ಗೆ?"

"ನಾಲ್ಕೇ, ಇನ್ನೆಷ್ಟು" ಎಂದರು ಚಿಕ್ಕಪ್ಪ.

"ಮೂರು" ಎಂದರು ಚಿಕ್ಕಮ್ಮ.

ಅಜ್ಜಿ ನೆಟ್ಟಗೆ ಕೂತರು. "ಯಾಕೆ, ನನ್ನನ್ನ ಅಲ್ಲೇ ಬಿಟ್ಟು ಬರ್ತೀರಾ? ನನ್ನ ಕಾಲು ಚೆನ್ನಾಗಿದೆ ಕಣ್ರೋ. ನಾನೂ ಬರ್ತೀನಿ."

"ನೀವಲ್ಲ ಅತ್ತೆ" ಎಂದು ಚಿಕ್ಕಮ್ಮ ಅಜ್ಜಿಯ ಕೈಮೇಲೆ ಕೈಯಿಟ್ಟರು. "ನಾನು."

ಪುಟ್ಟಿ ಫೋನಿನಿಂದ ತಲೆಯೆತ್ತಲಿಲ್ಲ. ಅವಳಿಗೆ ಗೊತ್ತಿತ್ತು.

ಚಿಕ್ಕಪ್ಪ ನಗಲು ನೋಡಿದರು. "ಅಕ್ಕನ ಜೊತೆ ಇನ್ನೊಂದು ವಾರ ಇರ್ತೀಯಾ? ಇರು. ನಾವು ವೆನಿಸ್ ನೋಡಿ..."

"ವಾರ ಅಲ್ಲ. ಅಕ್ಕನ ಅಂಗಡೀಲಿ ಜೊತೆಗೆ ಜನ ಬೇಕು. ಅವತ್ತೇ ಹೇಳಿದ್ನಲ್ಲ, ಇಳ್ಕೊಂಡುಬಿಡ್ತೀನಿ ಅಂತ. ನಿಮಗೆ ಬೇರೆ ಥರ ಕೇಳಿಸ್ತು. ಎಷ್ಟು ಖುಷಿಯಾದ್ರಿ ಅಂದ್ರೆ, ತಿದ್ದೋಕೆ ಮನಸ್ಸು ಬರ್ಲಿಲ್ಲ."

ಚಿಕ್ಕಪ್ಪ ಕೇಳಿದರು: "ನಾನೇನು ಮಾಡ್ದೆ?"

"ಏನೂ ಮಾಡ್ಲಿಲ್ಲ. ಕುಡೀಲಿಲ್ಲ, ಬೈಲಿಲ್ಲ. ಜಗಳ ಆಡೋಣ ಅಂದ್ರೂ ಮನೇಲಿ ನಂಗೆ ಯಾರೂ ಸಿಗ್ತಿರ್ಲಿಲ್ಲ. ನಿಮ್ಮ ಬಸ್ಸಲ್ಲಿ ದಿನಾ ಓಡಾಡೋರಿಗೆ ನೀವು ನಂಗಿಂತ ಚೆನ್ನಾಗಿ ಗೊತ್ತು ರೀ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕೇಳುವುದು ಸುಲಭವಾಗುತ್ತಿತ್ತು.

"ಅದಕ್ಕೇ ತಾನೆ ಈ ರೈಲು" ಎಂದರು ಚಿಕ್ಕಪ್ಪ. ಬೆರಳು ಪರದೆಯ ಮೇಲಿನ ಆ ನಾಲ್ಕು ಚೌಕಗಳನ್ನು ಹುಡುಕುತ್ತಿತ್ತು. ಪುಟ ಆಗಲೇ ಬದಲಾಗಿತ್ತು. "ಸರಿ. ವಿಯೆನ್ನಾ ತನಕ ಆದ್ರೂ ಬಾ. ಎದುರು ಕೂತ್ಕೋ. ಆ ಒಂದು ದಿನ ಸಾಕು ನಂಗೆ. ಆಮೇಲೆ ಇಳಿ, ನಾನು ತಡೆಯಲ್ಲ."

ಚಿಕ್ಕಮ್ಮನ ಕಣ್ಣು ತುಂಬಿದ್ದು ಆಗ. "ಆಗುತ್ತೆ ಅಂದ್ಕೊಂಡಿದ್ದೆ, ಆಗಲ್ಲ" ಎಂದರು. "ಅಷ್ಟು ಹೊತ್ತು ನಿಮ್ಮ ಮುಖ ನೋಡ್ಕೊಂಡು ಹೋದ್ರೆ ನಂಗೆ ಇಳಿಯೋಕಾಗಲ್ಲ."

ಚಿಕ್ಕಪ್ಪನಿಗೆ ಈಗ ಗೊತ್ತಾಯಿತು. ಸ್ವಲ್ಪ ಹಟ ಹಿಡಿದರೆ ಸಾಕಿತ್ತು. ಅಜ್ಜಿಗೆ ಬೇಸರವಾಗುತ್ತದೆ ಎನ್ನಬಹುದಿತ್ತು, ಪುಟ್ಟಿಯ ಆಸೆ ಎನ್ನಬಹುದಿತ್ತು. ಹೇಗಾದರೂ ಮಾಡಿ ಆ ರೈಲಿನಲ್ಲಿ ಕೂರಿಸಿಬಿಟ್ಟರೆ ಚಿಕ್ಕಮ್ಮ ತಾವು ಇಳಿಯಬೇಕಾದ ವಿಯೆನ್ನಾ ದಾಟಿ ಅವರ ಜೊತೆಯಲ್ಲೇ ಮುಂದೆ ಹೋಗುತ್ತಿದ್ದರು. ನನಗೂ ಅದು ಕಾಣಿಸಿತು. ಅಜ್ಜಿಗೂ ಕಾಣಿಸಿತು. "ಲೋ ಮಗಾ, ಏನಾದ್ರೂ ಅನ್ನೋ, ಬಲವಂತ ಮಾಡೋ" ಎಂದು ಅವರ ತೋಳು ಹಿಡಿದು ಅಲುಗಾಡಿಸಿದರು.

ಚಿಕ್ಕಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ಇವಳಿಗೆ ಇಲ್ಲಿಂದ ನೇರ ವಿಯೆನ್ನಾಕ್ಕೆ ವಿಮಾನ ಇದೆಯಾ ನೋಡಮ್ಮ" ಎಂದರು ನನಗೆ. "ಮಧ್ಯೆ ಇಳಿದು ಹತ್ತೋದು ಬೇಡ. ಒಬ್ಬಳೇ ಹೋಗ್ಬೇಕು."

ರೈಲಿನ ಟಿಕೆಟ್ ಯಾವುದನ್ನೂ ನಾವು ಮಾಡಲಿಲ್ಲ. ವೆನಿಸ್‌ಗೆ ಮೂವರಾದರೂ ಹೋಗೋಣ ಎಂದು ಪುಟ್ಟಿ ಒಮ್ಮೆ ಅಂದಳು. ಮತ್ತೆ ಕೇಳಲಿಲ್ಲ.

ಚಿಕ್ಕಮ್ಮ ಹೊರಟ ಬೆಳಿಗ್ಗೆ ಕಾರನ್ನು ತೆಗೆಯುವುದು ಬೇಡವೆಂದು ಚಿಕ್ಕಪ್ಪ ಟ್ಯಾಕ್ಸಿ ಕರೆಸಿದ್ದರು. ನಾನು ಮುಂದೆ ಕೂತೆ. ಪುಟ್ಟಿ ಅಜ್ಜಿಯ ಜೊತೆ ಬಾಗಿಲಲ್ಲೇ ನಿಂತಳು. ಹಿಂದೆ ಚಿಕ್ಕಪ್ಪ, ಚಿಕ್ಕಮ್ಮ, ಇಬ್ಬರ ನಡುವೆ ಒಂದು ಕೈಚೀಲ. ಇಬ್ಬರೂ ರಸ್ತೆಯನ್ನೇ ನೋಡುತ್ತಿದ್ದರು. ಪ್ರತಿ ಸಿಗ್ನಲ್ ಬಂದಾಗಲೂ, ಮುಂದಿನ ಗಾಡಿ ಹತ್ತಿರವಾದಾಗಲೂ, ಚಿಕ್ಕಪ್ಪನ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು. ಒಂದು ತಿರುವಿನಲ್ಲಿ ಎಷ್ಟು ಜೋರಾಗಿ ಒತ್ತಿದರೆಂದರೆ ನನ್ನ ಸೀಟು ಅದುರಿತು.

ಚಿಕ್ಕಮ್ಮ ಕೈಚೀಲದ ಮೇಲಿಂದ ಕೈ ಚಾಚಿ ಅವರ ಮೊಣಕಾಲನ್ನು ಮೆಲ್ಲಗೆ ಹಿಡಿದರು. "ಸುಮ್ನಿರಿ" ಎಂದರು. "ಅವರು ಓಡಿಸ್ತಾರೆ."

ವಿಮಾನ ನಿಲ್ದಾಣ ಬರುವವರೆಗೂ ಆ ಕೈ ಅಲ್ಲೇ ಇತ್ತು. ಚಿಕ್ಕಪ್ಪ ಅದರ ಕಡೆ ನೋಡಲಿಲ್ಲ.