ನೂರಾದ ಮೇಲೆ ಮುಂದೇನು?

ನೆಲದಿಂದ ನೂರು ಕೆಜಿ ಎತ್ತಿದ ದಿನದಿಂದ ಜಿಮ್ಮಿನವರೆಲ್ಲ ಆತನನ್ನು ‘ನೂರಣ್ಣ’ ಎಂದೇ ಕರೆಯುತ್ತಾರೆ. ಅಂದಿನಿಂದ ನೂರಣ್ಣ ಕಬ್ಬಿಣ ಮುಟ್ಟಿದ್ದು ಕಡಿಮೆ, ಬೆಂಚಿನ ಮೇಲೆ ಕೂತು ತಲೆ ಕೆಡಿಸಿಕೊಂಡಿದ್ದೇ ಹೆಚ್ಚು. ಇನ್ನು ಭಾರ ಏರಿಸಬೇಕೋ, ಇದನ್ನೇ ಹೆಚ್ಚು ಸಲ ಎತ್ತಬೇಕೋ, ಇಲ್ಲ ಹೊಟ್ಟೆ ಕರಗಿಸಬೇಕೋ? ಕೋಚ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬಂದು, ಅದನ್ನೇ ಲಿಫ್ಟಿಗೆ ಕಾಯುವವರ ಬಳಿ, ಕೂದಲು ಕತ್ತರಿಸುವವನ ಬಳಿ, ಕೊನೆಗೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡೇ ಚರ್ಚಿಸುತ್ತಾನೆ. “ರೀ, ಸಿಲಿಂಡರ್ ಸ್ವಲ್ಪ ಒಳಗಿಡಿ” ಎಂದು ಹೆಂಡತಿ ಕೂಗಿದರೆ, “ಮುಂದಿನ ಪ್ಲಾನ್ ಗೊತ್ತಾಗೋವರೆಗೂ ಬೆನ್ನಿಗೆ ರೆಸ್ಟ್ ಕಣೇ” ಎನ್ನುತ್ತಾನೆ. ಆಕೆ ಗೊಣಗುತ್ತಾ ತಾನೇ ಉರುಳಿಸಿಕೊಂಡು ಹೋಗುತ್ತಾಳೆ. ಆದರೆ ಬೆಳಗ್ಗೆ ಎದ್ದಕೂಡಲೇ, ಯಾರ ಸಲಹೆಯನ್ನೂ ಕೇಳದೆ, ಹಾಸಿಗೆ ಹಿಡಿದ ಅಮ್ಮನನ್ನು ತೋಳಲ್ಲಿ ಎತ್ತಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತಾನೆ. ಜಿಮ್ ಸೇರಿದ್ದೇ ಅದಕ್ಕೆ. ಮೊದಲ ಸಲ ಎತ್ತಲು ಹೋದಾಗ ತಾಯಿ ಮಗ ಇಬ್ಬರೂ ನೆಲಕ್ಕೆ ಬಿದ್ದಿದ್ದರು. “ಎಷ್ಟು ಶಕ್ತಿ ಬಂದಿದ್ಯೋ ನಿಂಗೆ! ಹೂವಿನ ಥರ ಎತ್ತಿಬಿಡ್ತೀಯ” ಎಂದು ಅಮ್ಮ ಬೀಗುತ್ತಾಳೆ. “ಮತ್ತೆ? ನೂರು ಎತ್ತಿದವನಮ್ಮ ನಾನು” ಎಂದು ಆತನೂ ಎದೆಯುಬ್ಬಿಸುತ್ತಾನೆ. ಅಮ್ಮ ದಿನದಿಂದ ದಿನಕ್ಕೆ ಹಗುರವಾಗುತ್ತಿರುವುದು ಆತನ ತೋಳುಗಳಿಗೆ ಮಾತ್ರ ಗೊತ್ತು.