ಮುಚ್ಚಿದ ಲ್ಯಾಪ್‌ಟಾಪಿನೊಳಗಿನ ದನಿ

"ಸಾರ್, ಒಬ್ರೇ ಅಂದಿದ್ರಲ್ಲ? ಬೀಗ ಹಾಕಿರೋ ರೂಮಲ್ಲಿ ಯಾರೋ ಎಂಗ್ಸು 'ಉರಿ ಸಣ್ಣ ಮಾಡ್ರಿ' ಅಂತ ಗದರಿಸ್ತಾವ್ಳೆ!"

ಹೆಬ್ಬಗೋಡಿಗೆ ಬಂದ ಹೊಸತು. ಫ್ಯಾಕ್ಟರಿಯ ಸ್ಟೋರಿನ ಕೆಲಸ ಮುಗಿಸಿ ಮರಳಿದವನಿಗೆ ಗೇಟಿನಲ್ಲೇ ಓನರ್ ಮುನಿಯಮ್ಮನವರ ಈ ಸ್ವಾಗತ. ಹಾಗೆ ಗದರಿಸುವವಳು ನನ್ನ ಹೆಂಡತಿ ಶಾಂತಾ. ಅವಳು ತೀರಿಕೊಂಡು ವರ್ಷವಾಗಿತ್ತು.

"ಬಾನುವಾರದೊಳ್ಗೆ ಅದ್ಯಾರಂತ ಗೊತ್ತಾಗ್ಬೇಕು. ಇಲ್ಲಾಂದ್ರೆ ಖಾಲಿ ಮಾಡ್ಬುಡಿ."

ದೆವ್ವಕ್ಕಿಂತ ಮೊದಲು ನನಗೆ ರೂಮಿನ ಚಿಂತೆ ಹತ್ತಿತು. ನನ್ನ ಸ್ವಭಾವವೇ ಹಾಗೆ. ನಮ್ಮ ಗದಗಿನಲ್ಲಿ ಬಾಡಿಗೆಗೆ ಹೋದರೆ "ಯಾರ ಪೈಕಿ?" ಅನ್ನುತ್ತಾರೆ. ಇಲ್ಲಿ ಕೇಳುವುದು "ಫ್ಯಾಮಿಲಿನಾ, ಬ್ಯಾಚುಲರಾ?" ಈ ವಯಸ್ಸಿಗೆ ಬ್ಯಾಚುಲರ್ ಅನ್ನಿಸಿಕೊಂಡು, ಹೆಂಗಸರು ಬರಕೂಡದೆಂಬ ಕರಾರಿಗೆ ತಲೆಯಾಡಿಸಿ ಪಡೆದ ರೂಮು ಅದು.

ಒಳಗೆ ಹೋದರೆ ಮುಚ್ಚಿದ ಲ್ಯಾಪ್‌ಟಾಪು ಬಿಸಿ ಹಂಚಾಗಿತ್ತು, ಬ್ಯಾಟರಿ ಸತ್ತಿತ್ತು. ಊರಿನ ಕಾಲೇಜಿನ ಕಂಪ್ಯೂಟರ್ ಲ್ಯಾಬು ಮುಚ್ಚಿದಾಗ ನನ್ನ ಜತೆ ಉಳಿದ ಯಂತ್ರ. ಮುಕ್ತ ತಂತ್ರಾಂಶವನ್ನು ನಾನೇ ಹಾಕಿದ್ದೆ. ಶಾಂತಾ ಕೊನೆಯ ದಿನಗಳಲ್ಲಿ ಕಡಲೆಹಿಟ್ಟಿನ ಝುಣಕ ಮಾಡುವುದನ್ನು ಹೇಳಿ ಅದರಲ್ಲಿ ದನಿ ತುಂಬಿಸಿದ್ದಳು. ಬೆಳಿಗ್ಗೆ ಅಡುಗೆ ಮಾಡುತ್ತ ಅದನ್ನು ಕೇಳುತ್ತೇನೆ. ಬಸ್ಸಿಗೆ ಹೊತ್ತಾದಾಗ ನಿಲ್ಲಿಸುವುದನ್ನೂ ಮರೆತು ಮುಚ್ಚಳ ಮುಚ್ಚಿ ಓಡುತ್ತೇನೆ. ಮುಚ್ಚಿದರೆ ಅದು ಸಸ್ಪೆಂಡ್ ಆಗಬೇಕು, ಅಂದರೆ ಅರೆನಿದ್ದೆಗೆ ಜಾರಬೇಕು. ಎಬ್ಬಿಸುತ್ತಿದ್ದವರು ಯಾರು?

ಹೈಬರ್ನೇಟ್ ಮಾಡಿಸಲು ನೋಡಿದೆ. ನೆನಪನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆರಿಹೋಗುವ ವಿದ್ಯೆ ಅದು. ಬರೆದಿಡಲು ಜಾಗ ಸಾಲದೆ ಯಂತ್ರ ಎಲ್ಲ ಮರೆತು ಹೊಸದಾಗಿ ಎದ್ದಿತು. ಲ್ಯಾಬಿನಲ್ಲಿ ಹುಡುಗರಿಗೆ ಇದನ್ನೇ ಪಾಠ ಮಾಡುತ್ತಿದ್ದೆ ಎಂಬುದನ್ನು ದಯವಿಟ್ಟು ಯಾರಿಗೂ ಹೇಳಬೇಡಿ.

ಭಾನುವಾರ, ದನಿ ನಿಲ್ಲಿಸದೆ ಮುಚ್ಚಿದ ಲ್ಯಾಪ್‌ಟಾಪಿನ ಎದುರು ಕಾವಲು ಕೂತೆ. ಕೆಳಗೆ ಮುನಿಯಮ್ಮ ಸಂಪಿನ ಮೋಟಾರು ಹಾಕಿದರು. ನೆಲದಡಿಯ ನೀರಿನ ತೊಟ್ಟಿಗೆ ಇಲ್ಲಿ ಸಂಪು ಎನ್ನುತ್ತಾರೆ. ಗೋಡೆ ಗುಂಯ್‌ಗುಟ್ಟಿತು, ಮೇಜು ನಡುಗಿತು, ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದ ಮೌಸು ಅಲುಗಿತು.

"ಉರಿ ಸಣ್ಣ ಮಾಡ್ರಿ. ಹಿಟ್ಟು ಗಂಟಾದ್ರ ನನ್ನ ಬೈಬ್ಯಾಡ್ರಿ ಮತ್ತ!"

ಓಡಿಬಂದ ಮುನಿಯಮ್ಮ ಬಾಗಿಲಲ್ಲೇ ನಿಂತರು. ಮುಚ್ಚಳ ತೆರೆದು ತೋರಿಸಿದೆ. "ನಮ್ಮ ಮನೆಯಾಕಿರೀ. ಈಗಿಲ್ಲ." ಅವರು ಹೊಸ್ತಿಲ ಮೇಲೆ ಕೂತು ಕೊನೆಯವರೆಗೂ ಕೇಳಿದರು. ಖಾಲಿ ಮಾಡುವ ಮಾತೆತ್ತಲಿಲ್ಲ.

ಯಂತ್ರವನ್ನು ಎಬ್ಬಿಸುವ ಅಧಿಕಾರವನ್ನು ಮೌಸಿನಿಂದ ಕಿತ್ತುಕೊಂಡೆ. ಡಿಸ್ಕಿನಲ್ಲಿ ಜಾಗ ಹೆಚ್ಚಿಸಿ, ಎದ್ದಾಗ ನೆನಪನ್ನು ಎಲ್ಲಿಂದ ಓದಬೇಕೆಂದೂ ಹೇಳಿಕೊಟ್ಟೆ. ಈಗ ಲ್ಯಾಪ್‌ಟಾಪು ತಣ್ಣಗೆ ಮಲಗುತ್ತದೆ. ತೆರೆದರೆ ಶಾಂತಾ ಅರ್ಧಕ್ಕೆ ಬಿಟ್ಟ ಮಾತಿನಿಂದಲೇ ಶುರು ಮಾಡುತ್ತಾಳೆ. ಗೆದ್ದೆ ಅಂದುಕೊಂಡೆ.

ಮರುದಿನ ಗೇಟಿನಲ್ಲಿ ಮುನಿಯಮ್ಮ ತಡೆದರು. "ಎರಡು ಸಲ ಮೋಟಾರ್ ಹಾಕ್ದೆ ಸಾರ್. ಆಯಮ್ಮ ಮಾತೇ ಆಡ್ಲಿಲ್ಲ."

"ಮಲಗ್ಯಾಳ್ರೀ" ಅಂದೆ.

ಗದಗಿನಲ್ಲಿ ಶಾಂತಾ ಇಲ್ಲವೆಂದು ಓಣಿಗೆಲ್ಲ ಗೊತ್ತು. ಅಲ್ಲಿ ಅವಳ ದನಿಗಾಗಿ ಯಾರೂ ಕಿವಿಗೊಡುವುದಿಲ್ಲ. ಅವಳು ಕಾಲಿಡದ ಈ ಊರಿನಲ್ಲಿ ಒಬ್ಬರು ಕಾಯುತ್ತಿದ್ದಾರೆ. ನನ್ನ ಊರು ಯಾವುದೆಂದು ಈಗ ಯಾರಾದರೂ ಕೇಳಿದರೆ ತಡವರಿಸುತ್ತೇನೆ.